ಕೊಂಡುಕುರಿ ಇಲ್ಲ ಅನ್ನಬೇಡಿ, ಅದಕ್ಕೆ ನಿಮ್ಮ ವಾಸನೆ ಸಿಕ್ಕಿದೆ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಓದುಗರ ಪುಟದಲ್ಲಿ ದಾವಣಗೆರೆಯವರೊಬ್ಬರ ಪತ್ರ ಬಂದಿತ್ತು. ಮನೆಮಂದಿಯನ್ನೆಲ್ಲ ಕಾರಿನಲ್ಲಿ ಕೂರಿಸಿಕೊಂಡು ಎರಡು ಸಲ ನಮ್ಮ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಕೊಂಡುಕುರಿ ಧಾಮದ ಕಡೆ ಬಂದಿದ್ದರಂತೆ. ಕೊಂಡುಕುರಿ ಅಂದ್ರೆ ನಾಲ್ಕು ಕೊಂಬಿನ ಸಣ್ಣ ಹುಲ್ಲೆ. ಒಂದೇ ಒಂದು ಕೊಂಡುಕುರಿಯೂ ಕಾಣಲಿಲ್ಲವಂತೆ. 'ಬೋರ್ಡಿನ ಮೇಲೆ ಮಾತ್ರ ಕೊಂಡುಕುರಿ ಇದೆ, ಕಾಡಿನಲ್ಲಿ ಇಲ್ಲ' ಎಂದು ಬರೆದಿದ್ದಾರೆ. ಮಾತು ಚುರುಕಾಗಿದೆ, ಓದಿ ನಾನೂ ನಕ್ಕೆ. ಆದರೆ ಮಾತು ಸರಿಯಿಲ್ಲ. ಅವರಿಗೆ ಕೊಂಡುಕುರಿ ಕಾಣಲಿಲ್ಲ, ನಿಜ. ಕೊಂಡುಕುರಿಗೆ ಅವರು ಬಂದದ್ದು ಕಾರಿನ ಬಾಗಿಲು ತೆಗೆದಾಗಲೇ ಗೊತ್ತಾಗಿರುತ್ತದೆ.

ಇದನ್ನೆಲ್ಲ ಹೇಳೋಕೆ ನೀನ್ಯಾರಪ್ಪ ಅಂತ ಕೇಳಬಹುದು. ನಾನು ಅರಣ್ಯ ಇಲಾಖೆಯವನಲ್ಲ. ದೊಡ್ಡ ಕ್ಯಾಮೆರಾ ನೇತು ಹಾಕಿಕೊಂಡು ತಿರುಗುವವನೂ ಅಲ್ಲ. ಜಗಳೂರಿನಲ್ಲಿ 31 ವರ್ಷದಿಂದ ಕಟಿಂಗ್ ಶಾಪ್ ಇಟ್ಟುಕೊಂಡಿದ್ದೇನೆ. ಮೂರು ಕುರ್ಚಿ, ಎರಡು ಕನ್ನಡಿ, ಒಂದು ರೇಡಿಯೋ. ನಿಮ್ಮ ಪೇಪರ್ ಬೆಳಿಗ್ಗೆ ಏಳಕ್ಕೆ ಬಂದರೆ ರಾತ್ರಿ ಒಂಬತ್ತರ ಹೊತ್ತಿಗೆ ನಲವತ್ತು ಕೈ ದಾಟಿ ಮೆತ್ತಗಾಗಿರುತ್ತದೆ. ಆ ಪತ್ರವನ್ನೂ ಅಂಗಡಿಯಲ್ಲಿ ಎಲ್ಲರೂ ಓದಿದರು. ನಾಲ್ಕು ಜನ ಹೌದು ಅಂದರು, ಇಬ್ಬರು ಇಲ್ಲ ಅಂದರು. ನಾನು ಬಾಯಿ ಮುಚ್ಚಿಕೊಂಡು ಕತ್ತರಿ ಆಡಿಸಿದೆ. ಯಾಕಂದ್ರೆ ಆ ಪತ್ರ ಬರೆದವರ ಜಾಗದಲ್ಲಿ ಒಂದು ಕಾಲದಲ್ಲಿ ನಾನೇ ಇದ್ದೆ.

ಕೆಲವು ವರ್ಷಗಳ ಹಿಂದಿನ ಮಾತು. ಕಾಡಿನ ವಾಚರ್ ಒಬ್ಬ ನನ್ನ ಗಿರಾಕಿ. ಮೇ ತಿಂಗಳು, ನೆತ್ತಿ ಸುಡುವ ಬಿಸಿಲು. ಹೆಚ್ಚುಕಮ್ಮಿ ಹಳ್ಳಗಳೆಲ್ಲ ಒಣಗಿ, ಪ್ರಾಣಿಗಳು ನೀರಿರುವ ಗುಂಡಿಗೇ ಬರಬೇಕಾದ ಕಾಲ. ಮೇಲಿನವರ ಒಪ್ಪಿಗೆ ತಗೊಂಡು ಒಂದು ಸಂಜೆ ನನ್ನನ್ನೂ ಕರೆದುಕೊಂಡು ಹೋಗ್ತೀನಿ ಅಂದಿದ್ದ. ಅವತ್ತು ಭಾನುವಾರ. ಬೆಳಿಗ್ಗೆಯಿಂದ ಊಟಕ್ಕೂ ಬಿಡುವಿರಲಿಲ್ಲ. ಮೂರೂವರೆಗೆ ಶಟರ್ ಅರ್ಧ ಎಳೆದು, ಮುಖ ತೊಳೆದು, ಸೆಕೆ ಅಂತ ಕತ್ತಿಗೆ, ಕಂಕುಳಿಗೆ ಒಂದಿಷ್ಟು ಪೌಡರ್ ಹಾಕಿಕೊಂಡು, ಒಗೆದಿಟ್ಟಿದ್ದ ಅಂಗಿ ತೊಟ್ಟುಕೊಂಡು ಅವನ ಬೈಕ್ ಹತ್ತಿದೆ. ಕಾಡಿಗೆ ಹೋಗ್ತೀನಿ, ಶುಭ್ರವಾಗಿ ಹೋಗಬೇಕು ಅನ್ನೋದು ನನ್ನ ಲೆಕ್ಕ.

ಬೈಕ್ ಇಳಿದು ನಡೆಯುವಾಗ ವಾಚರ್ ತಿರುಗಿ ನೋಡಿ ಕೇಳಿದ. 'ಏನಣ್ಣಾ, ಮದುವೆಗೆ ಹೊರಟಂಗೆ ಘಮ್ ಅಂತಿದ್ದೀಯಲ್ಲ?' ನಾನು ಹೆಮ್ಮೆಯಿಂದ ನಕ್ಕೆ. ಅವನು ನಗಲಿಲ್ಲ.

ನೀರಿನ ಗುಂಡಿ ಎರಡು ದಿಬ್ಬಗಳ ನಡುವೆ, ಹಳ್ಳದ ತಗ್ಗಿನಲ್ಲಿತ್ತು. ಮೇಲುಗಡೆ ಇಳಿಜಾರಿನಲ್ಲಿ ಒಂದು ಚಪ್ಪಟೆ ಬಂಡೆ. ಅಲ್ಲಿ ಕೂತರೆ ಗುಂಡಿ ಅಂಗೈ ಮೇಲಿಟ್ಟ ಹಾಗೆ ಕಾಣುತ್ತಿತ್ತು. ಅಲ್ಲೇ ಕೂರೋಣ ಅಂದೆ. ವಾಚರ್ ಬೇಡ ಅಂದ. ನಾನು ಹಟ ಮಾಡಿದೆ. ವಯಸ್ಸಿನಲ್ಲಿ ದೊಡ್ಡವನು ಅಂತ ಅವನು ಸುಮ್ಮನಾದ. ಮುಂದೆ 'ಬಂದರೆ' ಅನ್ನೋ ಕುರುಚಲು ಗಿಡ, ಹಿಂದೆ ಬಂಡೆ, ಅಲುಗಾಡದೆ ಕೂತರೆ ಯಾರಿಗೂ ಕಾಣಲ್ಲ.

ಆರು ಗಂಟೆಗೆ ಸ್ವಲ್ಪ ಮೊದಲು ಬಂತು. ಎದುರಿನ ದಿಬ್ಬದ ಬುಡದಿಂದ, ಒಂಟಿ. ಗಂಡು. ಮೊದಲು ಮೇಕೆ ಮರಿ ತಪ್ಪಿಸಿಕೊಂಡು ಬಂದಿದೆ ಅಂದುಕೊಂಡೆ, ಅಷ್ಟೇ ಎತ್ತರ. ಅದರ ನಡಿಗೆ ಮಾತ್ರ ಮೇಕೆಯದಲ್ಲ. ಎರಡು ಹೆಜ್ಜೆ ಇಡುತ್ತೆ, ನಿಲ್ಲುತ್ತೆ. ಮುಂಗಾಲು ಎತ್ತಿದ್ದು ಎತ್ತಿದಂತೇ ಇರುತ್ತೆ. ಮತ್ತೆ ಎರಡು ಹೆಜ್ಜೆ. ನಡುವೆ ಮೂಗಿನ ತುದಿ ನೆಕ್ಕಿಕೊಂಡಿತು. ಒದ್ದೆ ಮೂಗಿಗೆ ವಾಸನೆ ಚೆನ್ನಾಗಿ ಅಂಟುತ್ತೆ ಅಂತ ಆಮೇಲೆ ಗೊತ್ತಾಯಿತು. ಆಗ ಮಾತ್ರ, ಪಾಪ ಬಾಯಾರಿದೆ ಅಂದುಕೊಂಡಿದ್ದೆ. ನೀರಿಗೆ ಇನ್ನು ಹತ್ತು ಮಾರು. ಅಷ್ಟರಲ್ಲಿ ನನ್ನ ಬೆನ್ನಿಗೆ ತಣ್ಣಗೆ ಒಂದು ಎಳೆ ಗಾಳಿ ತಾಗಿತು. ಇಡೀ ದಿನ ಬೆಂದ ಮೈಗೆ ಹಾಯೆನಿಸಿತು. ಆ ಹಾಯೆನ್ನುವ ಗಾಳಿಯೇ ಇಳಿಜಾರಿನಲ್ಲಿ ಜಾರಿ ನೀರಿನ ತನಕ ಹೋಯಿತು. ಕೊಂಡುಕುರಿಯ ತಲೆ ಒಂದೇ ಸಲ ಮೇಲೆದ್ದಿತು. ಅದು ನಾವಿದ್ದ ಬಂಡೆಯನ್ನು ನೋಡಲೇ ಇಲ್ಲ. ಮೂಗು ಮಾತ್ರ ಮೇಲೆತ್ತಿತು. ಆಮೇಲೆ ಒರಟಾಗಿ ಒಂದು ಕೂಗು, ಕೆಮ್ಮಿದ ಹಾಗೆ. ಆ ಕುರುಚಲು ಗಿಡಗಳ ನಡುವೆ ಮುಳುಗಿತು, ಹೋಯಿತು. ನೀರು ಮುಟ್ಟಲಿಲ್ಲ.

ವಾಚರ್ ಏನೂ ಬೈಯಲಿಲ್ಲ. ಎದ್ದು ಪ್ಯಾಂಟು ಕೊಡವಿಕೊಂಡು ಇಷ್ಟೇ ಅಂದ: 'ನಿನ್ನ ಪೌಡರಿಗೆ ಅದು ಬಾಯಾರಿಕೆ ಮರೀತು ನೋಡಣ್ಣ.'

ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತೆ. ಕೊಂಡುಕುರಿ ನೀರು ಬಿಟ್ಟು ಜಾಸ್ತಿ ದಿನ ಇರೋ ಪ್ರಾಣಿಯಲ್ಲ. ಹೆಸರಲ್ಲಿ ಕುರಿ ಇದ್ದರೂ ಅದು ಕುರಿಯಲ್ಲ, ಜಿಂಕೆಯೂ ಅಲ್ಲ, ಹುಲ್ಲೆ ಜಾತಿ. ಗಂಡಿಗೆ ನಾಲ್ಕು ಕೊಂಬು. ಕಿವಿಗಳ ನಡುವೆ ಎರಡು, ಹಣೆ ಮೇಲೆ ಇನ್ನೆರಡು ಚಿಕ್ಕವು, ಬೆರಳ ತುದಿಯಷ್ಟು. ಜಿಂಕೆಯ ಕೊಂಬಿನ ಹಾಗೆ ಇವು ಉದುರೋದಿಲ್ಲ. ಎತ್ತರ ಸುಮಾರು ಎರಡಡಿ, ತೂಕ ಇಪ್ಪತ್ತು ಕೆ.ಜಿ. ಆಸುಪಾಸು. ಭಾರತ ಮತ್ತು ನೇಪಾಳ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಕಾಡಿನಲ್ಲಿಲ್ಲ. ಅಂಥದ್ದಕ್ಕೆ 2011ರಲ್ಲಿ ನಮ್ಮ ತಾಲ್ಲೂಕಿನ ಸುಮಾರು 77 ಚದರ ಕಿಲೋಮೀಟರ್ ಕುರುಚಲು ಕಾಡನ್ನು ಧಾಮ ಮಾಡಿದ್ದಾರೆ. ಬರಗಾಲದ ತಾಲ್ಲೂಕು ಅಂತ ಹೆಸರಾದ ನಮಗೆ ಇದೊಂದು ಒಳ್ಳೆ ಹೆಸರು, ಅಲ್ವಾ?

ಅದು ಬದುಕೋದೇ ಮೂಗಿನ ಮೇಲೆ. ಹಿಕ್ಕೆಯನ್ನು ಮತ್ತೆ ಮತ್ತೆ ಒಂದೇ ಜಾಗದಲ್ಲಿ ಹಾಕುತ್ತೆ, ಗುಡ್ಡೆ ಬೀಳುತ್ತೆ. ಆ ಗುಡ್ಡೆಯೇ ಅವುಗಳ ಊರಕಟ್ಟೆ. ಕಣ್ಣಿನ ಮುಂದೆ ಒಂದು ಗ್ರಂಥಿ ಇದೆ, ಅದನ್ನು ಗಿಡಕ್ಕೆ ಒರೆಸಿ ಗುರುತು ಬಿಡುತ್ತೆ. ಗುಂಪು ಕಟ್ಟೋದಿಲ್ಲ, ಒಂಟಿ ಇಲ್ಲವೇ ಜೋಡಿ. ಒಬ್ಬರ ಸುದ್ದಿ ಒಬ್ಬರಿಗೆ ವಾಸನೆಯಲ್ಲೇ ಮುಟ್ಟಬೇಕು. ಹೀಗೆ ಪೇಪರ್ ಓದಿದ ಹಾಗೆ ಗಿಡಗಂಟಿ ಓದುವ ಪ್ರಾಣಿಯ ಮುಂದೆ ನಾವು ಸೆಂಟು ಹೊಡೆದುಕೊಂಡು ಹೋಗಿ, ಬಚ್ಚಿಟ್ಟುಕೊಂಡಿದ್ದೇವೆ ಅಂದುಕೊಳ್ಳುತ್ತೇವೆ.

ಇದರ ಒಳಗುಟ್ಟು ನನಗೆ ತಿಳಿಸಿದ್ದು ಕಾಡಿನವರಲ್ಲ, ಅಮೆರಿಕದಿಂದ ಬಂದ ಒಬ್ಬ ಹುಡುಗ. ಹುಡುಗ ಅಂದ್ರೆ ನನ್ನ ಲೆಕ್ಕಕ್ಕೆ, ವಯಸ್ಸು ನಲವತ್ತರ ಹತ್ತಿರ. ಅವನ ಜವಳ ತೆಗೆದದ್ದು ನಮ್ಮಪ್ಪ, ಮೊದಲ ಮೀಸೆ ತಿದ್ದಿದ್ದು ನಾನು. ಪೆನ್ಸಿಲ್ವೇನಿಯಾ ಅನ್ನೋ ರಾಜ್ಯದಲ್ಲಿ ಕೆಲಸ. ರಜಕ್ಕೆ ಬಂದಾಗಲೆಲ್ಲ ನನ್ನ ಕುರ್ಚಿಗೇ ಬರುತ್ತಾನೆ. ಶೇವ್ ಮುಗಿಸಿ ಲೋಷನ್ ಬಾಟಲಿ ಎತ್ತಿದೆ. 'ಮಾಮ, ಬೇಡ. ಅಭ್ಯಾಸ ತಪ್ಪಿಹೋಗಿದೆ. ಅಲ್ಲಿ ನವೆಂಬರ್ ಬಂತು ಅಂದ್ರೆ ನಮ್ಮ ಆಫೀಸಿನ ಅರ್ಧ ಜನ ಇದನ್ನ ಮುಟ್ಟಲ್ಲ' ಅಂದ. ಯಾಕೆ, ಹೊಸ ವ್ರತವೇನೋ ಅಂದೆ. 'ಜಿಂಕೆ ಬೇಟೆ ಮಾಮ' ಅಂದ.

ಅಲ್ಲಿ ಜಿಂಕೆ ಜಾಸ್ತಿ, ಬಿಳಿ ಬಾಲದ್ದು. ಲೈಸೆನ್ಸ್ ತಗೊಂಡು, ಸರ್ಕಾರ ಗೊತ್ತು ಮಾಡಿದ ದಿನಗಳಲ್ಲಿ ಹೊಡೆಯಬಹುದು. ಅವನು ಹೊಡೆಯೋನಲ್ಲ, ಸ್ನೇಹಿತನ ಜೊತೆ ಕೂತು ಬರೋನು. ಅವತ್ತು ನನ್ನ ಉಳಿದ ಗಿರಾಕಿಗಳು ಬೆಂಚಿನ ಮೇಲೆ ಕೂತು ಒಂದು ಗಂಟೆ ಅವನ ಮಾತು ಕೇಳಿದರು. ಯಾರೂ ಹೊತ್ತಾಯಿತು ಅನ್ನಲಿಲ್ಲ.

ಅಲ್ಲಿಯ ಬೇಟೆಗಾರರು ತಮ್ಮ ಮೈವಾಸನೆ ಮುಚ್ಚೋಕೆ ಪಡುವ ಪಾಡು ಕೇಳಿದರೆ ನಮ್ಮ ಮಡಿ ಮೈಲಿಗೆ ಏನೂ ಅಲ್ಲ. ವಾಸನೆ ಇಲ್ಲದ ಸೋಪು, ವಾಸನೆ ಇಲ್ಲದ ಶಾಂಪೂ. ಬಟ್ಟೆ ಒಗೆಯೋಕೆ ಬೇರೆ ಪುಡಿ, ಇಲ್ಲವೇ ಅಡುಗೆ ಸೋಡಾ. ನಾವು ಬಳಸೋ ಸೋಪಿನ ಪುಡಿಯಲ್ಲಿ ಬಟ್ಟೆ ಹೊಳೆಯಲಿ ಅಂತ ಏನೋ ಸೇರಿಸಿರ್ತಾರಲ್ಲ, ಅದು ಜಿಂಕೆ ಕಣ್ಣಿಗೆ ಇನ್ನೂ ಜಾಸ್ತಿ ಹೊಳೆಯುತ್ತೆ ಅಂತ ಅದನ್ನೂ ಬಿಡ್ತಾರೆ. ಒಗೆದ ಬಟ್ಟೆಯನ್ನು ಗಾಳಿಯಾಡದ ಡಬ್ಬದಲ್ಲಿ ಕಾಡಿನ ಎಲೆ, ಪೈನ್ ರೆಂಬೆ ಹಾಕಿ ಮುಚ್ಚಿಡ್ತಾರೆ. ಮನೆಯಲ್ಲಿ ತೊಟ್ಟುಕೊಳ್ಳಲ್ಲ, ಒಗ್ಗರಣೆ ವಾಸನೆ ಹಿಡಿಯುತ್ತಲ್ಲ. ಕಾಡಿನ ಅಂಚಿಗೆ ಹೋಗಿ ಅಲ್ಲಿ ತೊಡೋದು. ಕಾಲಿಗೆ ರಬ್ಬರ್ ಬೂಟು, ಚರ್ಮದ್ದಾದರೆ ವಾಸನೆ ಹೀರುತ್ತೆ. ದಾರಿಯಲ್ಲಿ ಪೆಟ್ರೋಲ್ ಹಾಕಿಸೋ ಹಾಗಿಲ್ಲ, ಹಿಂದಿನ ದಿನವೇ ಹಾಕಿಸಿಟ್ಟಿರಬೇಕು. ಇದ್ದಿಲು ಪದರ ಹೊಲಿದ ಕೋಟು ಬೇರೆ ಇದೆ, ಮೈವಾಸನೆ ಇದ್ದಿಲು ಹೀರಲಿ ಅಂತ. ಓಝೋನ್ ಗಾಳಿ ಬಿಡೋ ಪುಟ್ಟ ಯಂತ್ರವೂ ಇದೆ, ಅದರಿಂದ ಬಟ್ಟೆಯ ವಾಸನೆ ಸುಡಿಸ್ತಾರಂತೆ.

ಇಷ್ಟೆಲ್ಲ ಮಾಡಿಕೊಂಡು ಮೇಲೆ ಏನು ಹಾಕ್ಕೊಳ್ತಾರೆ ಗೊತ್ತಾ? ಕಣ್ಣಿಗೆ ರಾಚೋ ಕಿತ್ತಳೆ ಬಣ್ಣದ ಜಾಕೆಟ್ಟು. ಒಬ್ಬರಿಗೊಬ್ಬರು ಗುಂಡು ಹೊಡೆದುಕೊಳ್ಳಬಾರದು ಅಂತ ಬಂದೂಕಿನ ಬೇಟೆಗೆ ಅದು ಕಡ್ಡಾಯ. ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ಆದರೆ ಜಿಂಕೆಗೆ ಕಿತ್ತಳೆ, ಕೆಂಪು ಸರಿಯಾಗಿ ಕಾಣೋದಿಲ್ಲ, ಮಂಕಾಗಿ ಕಾಣುತ್ತೆ. ಬಣ್ಣ ಹಾಕಿ ಕೂತವನು ಬಚಾವಾಗ್ತಾನೆ, ಪೌಡರ್ ಹಾಕಿ ಕೂತವನು ಸಿಕ್ಕಿಬೀಳ್ತಾನೆ.

'ಇಷ್ಟೆಲ್ಲ ಮಾಡಿದರೆ ವಾಸನೆ ಹೋಗುತ್ತೇನೋ?' ಅಂದೆ. ಅವನು ನಕ್ಕ. 'ಇಲ್ಲ ಮಾಮ. ಹಳೇ ಬೇಟೆಗಾರರು ಅದನ್ನೆಲ್ಲ ಕೊಂಡುಕೊಳ್ಳೋದೇ ಇಲ್ಲ. ಅವರ ಹತ್ತಿರ ಇದೊಂದು ಇರುತ್ತೆ' ಅಂತ ನನ್ನ ಮುಂದಿನ ಹಲಗೆಯಿಂದ ಪೌಡರ್ ಡಬ್ಬಿ ಎತ್ತಿದ.

ನನಗೆ ತಮಾಷೆ ಅನ್ನಿಸಿತು. ತಮಾಷೆಯಲ್ಲ. ಅವರು ಒತ್ತಿದರೆ ಪುಸ್ಸೆಂದು ಪುಡಿ ಬಿಡುವ ಚಿಕ್ಕ ಬಾಟಲಿ ಜೇಬಲ್ಲಿ ಇಟ್ಟುಕೊಂಡಿರ್ತಾರಂತೆ, ವಾಸನೆ ಇಲ್ಲದ ನಯವಾದ ಪುಡಿ. ಒತ್ತಿ ಬಿಟ್ಟು, ಅದು ಯಾವ ಕಡೆ ತೇಲುತ್ತೆ ನೋಡೋದು. ತನ್ನ ವಾಸನೆಯೂ ಅದೇ ಕಡೆ ಹೋಗುತ್ತಿದೆ ಅಂತ ಲೆಕ್ಕ. ಇನ್ನು ಕೆಲವರು ಅಲ್ಲಿಯ ಒಂದು ಹಾಲುಗಿಡದ ಕಾಯಿ ಬಿಡಿಸಿ ಒಳಗಿನ ರೇಷ್ಮೆಯಂಥ ಹತ್ತಿ ತೇಲಿಬಿಡ್ತಾರೆ. ಪುಡಿ ನಾಲ್ಕು ಮಾರಿಗೆ ಮಾಯವಾಗುತ್ತೆ, ಹತ್ತಿ ತುಂಬಾ ದೂರದ ತನಕ ಕಾಣುತ್ತೆ. ಫೋನಿನಲ್ಲಿ ಗಿಡದ ಫೋಟೋ ತೋರಿಸಿದ. ನೋಡಿದರೆ ನಮ್ಮ ಎಕ್ಕದ ಗಿಡದ ದಾಯಾದಿ! ಕಾಯಿ ಒಡೆದರೆ ಹಾರೋ ಹತ್ತಿ ಅದೇ. ಜಗಳೂರಿನಿಂದ ದಾವಣಗೆರೆ ತನಕ ರಸ್ತೆ ಪಕ್ಕ ಎಷ್ಟು ಬೇಕು ಅಷ್ಟಿದೆ, ಕಾಸು ಕೊಡೋದು ಬೇಡ.

ಅವನು ಹೇಳಿದ ಇನ್ನೊಂದು ಮಾತಿಗೆ ನನ್ನ ಕತ್ತರಿ ನಿಂತೇಹೋಯಿತು. ಗುಡ್ಡದ ಇಳಿಜಾರಿನಲ್ಲಿ ಗಾಳಿಗೆ ಒಂದು ದಿನಚರಿ ಇದೆ. ಬೆಳಿಗ್ಗೆ ಬಿಸಿಲು ಬಿದ್ದು ನೆಲ ಕಾದ ಮೇಲೆ ಗಾಳಿ ಇಳಿಜಾರು ಹಿಡಿದು ಮೇಲಕ್ಕೆ ಹತ್ತುತ್ತೆ. ಸಂಜೆ ನೆಲ ತಣ್ಣಗಾದ ಹಾಗೆ ಅದೇ ಗಾಳಿ ತಗ್ಗಿಗೆ ಇಳಿಯುತ್ತೆ, ನೀರು ಇಳಿದ ಹಾಗೇ ಹಳ್ಳ ಹಿಡಿದು. ಅದಕ್ಕೆ ಅವರು ಬೆಳಿಗ್ಗೆ ಮೇಲೆ ಕೂರ್ತಾರೆ, ಸಂಜೆ ಕೆಳಗೆ ಕೂರ್ತಾರೆ. ಅವನೂ ಮೊದಲ ವರ್ಷ ಸಂಜೆ ಹೊತ್ತು ದಿಬ್ಬದ ಮೇಲೆ ಕೂತು, ಕೆಳಗೆ ಬಂದ ಜಿಂಕೆ ಬುಸ್ ಅಂತ ಉಸಿರು ಬಿಟ್ಟು ಬಿಳಿ ಬಾಲ ಬಾವುಟದ ಹಾಗೆ ಎತ್ತಿ ಓಡಿದ್ದನ್ನು ನೋಡಿದ್ದನಂತೆ. ನನಗೆ ನನ್ನ ಚಪ್ಪಟೆ ಬಂಡೆ ನೆನಪಾಯಿತು. ಬೆನ್ನಿಗೆ ತಾಗಿದ ಆ ಎಳೆ ಗಾಳಿ ನೆನಪಾಯಿತು. ವಾಚರ್ ಬೇಡ ಅಂದದ್ದು ಯಾಕೆ ಅಂತ ಅವತ್ತು ಗೊತ್ತಾಯಿತು.

ಅಲ್ಲಿಯವರು ಹೆಣ್ಣು ಜಿಂಕೆಯ ಮೂತ್ರವನ್ನು ಬಾಟಲಿಯಲ್ಲಿ ಕೊಂಡು ಗಂಡಿಗೆ ಆಸೆ ತೋರಿಸೋಕೆ ಚಿಮುಕಿಸೋದೂ ಉಂಟಂತೆ. ಈಗ ಎಷ್ಟೋ ರಾಜ್ಯಗಳಲ್ಲಿ ಅದನ್ನು ನಿಲ್ಲಿಸಿದ್ದಾರೆ. ಜಿಂಕೆಗಳ ಮಿದುಳು ತಿನ್ನುವ ಒಂದು ಕಾಯಿಲೆ ಇದೆ, 1967ರಲ್ಲಿ ಕೊಲೊರಾಡೊದಲ್ಲಿ ಮೊದಲು ಕಂಡಿದ್ದು. ಮೂತ್ರದಿಂದಲೂ ಹರಡಬಹುದು ಅಂತ ಭಯ. ಬೆಂಚಿನ ಮೇಲಿದ್ದ ಒಬ್ಬ ಅಜ್ಜ ಇದನ್ನು ಕೇಳಿ, 'ದುಡ್ಡು ಕೊಟ್ಟು ಉಚ್ಚೆ ಕೊಳ್ತಾರೇನಪ್ಪ!' ಅಂತ ಎದ್ದೇ ಹೋದರು, ಕಟಿಂಗ್ ಕೂಡ ಮಾಡಿಸಲಿಲ್ಲ.

ನಮ್ಮ ತಾತನೂ ಬೇಟೆಗೆ ಹೋದವನೇ. ಮುಚ್ಚಿಡೋದು ಯಾಕೆ. 1972ರ ವನ್ಯಜೀವಿ ಕಾಯ್ದೆ ಬರೋಕೆ ಎಷ್ಟೋ ಮೊದಲು, ಯುಗಾದಿ ಹಿಂದೆಮುಂದೆ ಊರಿಗೆ ಊರೇ ಕೋಲು, ಬಲೆ, ನಾಯಿ ಕಟ್ಟಿಕೊಂಡು ಗುಡ್ಡಕ್ಕೆ ಹೊರಡುತ್ತಿದ್ದ ಕಾಲ. ತಾತ ಹಡಪದ ಚೀಲ ಹೆಗಲಿಗೆ ಹಾಕಿ ಹಳ್ಳಿ ಹಳ್ಳಿ ತಿರುಗಿ ಕ್ಷೌರ ಮಾಡುತ್ತಿದ್ದವನು. ಅವನ ಕಾಲದ ಕ್ಷೌರಕ್ಕೆ ನೀರು, ಕತ್ತಿ, ಕೊನೆಗೆ ಪಟಿಕದ ಕಲ್ಲು. ಘಮ ಅನ್ನೋದೇ ಇರಲಿಲ್ಲ. ಬೇಟೆಗೆ ಹೋಗುವಾಗ ಕುರಿಗಾಹಿಯೊಬ್ಬನ ಹಳೇ ಕಂಬಳಿ ಇಸಕೊಂಡು ಹೊದೆಯುತ್ತಿದ್ದನಂತೆ. ಚಳ್ಳಕೆರೆ ಕಡೆಯ ಒರಟು ಕಂಬಳಿ, ವರ್ಷಗಟ್ಟಲೆ ಕುರಿ ಹಟ್ಟಿಯಲ್ಲಿ ಬಿದ್ದು ಕುರಿಯಾಗಿಯೇ ಹೋದದ್ದು. ಕುರಿ ಹಿಂಡು ಗುಡ್ಡದಲ್ಲಿ ದಿನಾ ಮೇಯುತ್ತೆ, ಆ ವಾಸನೆಗೆ ಯಾವ ಜಿಂಕೆಯೂ ಬೆದರೋದಿಲ್ಲ. ಅಷ್ಟು ಹೊದ್ದರೂ ಚಡ್ಡಿ ಜೇಬಲ್ಲಿ ಒಲೆ ಬೂದಿ ಇರುತ್ತಿತ್ತು. ಚಿಟಿಕೆ ಬೂದಿ ಎತ್ತಿ ಬಿಟ್ಟು, ಅದು ಹೋದ ದಿಕ್ಕು ನೋಡಿ ಹೆಜ್ಜೆ ಇಡೋದು. 'ಕಣ್ಣಿಗೆ ಮರ ಅಡ್ಡ ಐತೆ, ಮೂಗಿಗೆ ಏನೂ ಅಡ್ಡ ಇಲ್ಲ' ಅಂತ ನನಗೆ ಹೇಳಿದ್ದ. ಆಗ ನನಗೆ ಏಳೋ ಎಂಟೋ ವರ್ಷ. ಅಮೆರಿಕದ ಬಾಟಲಿ, ನಮ್ಮ ತಾತನ ಬೂದಿ, ಎರಡೂ ಒಂದೇ ಕೆಲಸ.

ಇದನ್ನು ಬರೆಯುವಾಗ ನನ್ನ ಹೆಂಡತಿ ಇಣುಕಿ ನೋಡಿ, 'ರೀ, ಇದನ್ನೆಲ್ಲ ಪೇಪರಿಗೆ ಬರೆದು ಕದ್ದು ಬೇಟೆಯಾಡೋರಿಗೆ ಪಾಠ ಹೇಳಿಕೊಡ್ತೀರಾ?' ಅಂದಳು. ಅವರಿಗೆ ಇದೆಲ್ಲ ನನಗಿಂತ ಚೆನ್ನಾಗಿ ಗೊತ್ತು. ಗೊತ್ತಿಲ್ಲದೆ ಇರೋದು ಕ್ಯಾಮೆರಾ ಹಿಡಿದು ಹೋಗೋ ನಮ್ಮಂಥೋರಿಗೆ. ಆದರೂ ಒಂದು ಮಾತು ಬರೆದೇಬಿಡ್ತೀನಿ: ಕೊಂಡುಕುರಿ, ಕೃಷ್ಣಮೃಗ ಎರಡೂ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿವೆ. ಕೈ ಹಾಕಿದರೆ ಮೂರರಿಂದ ಏಳು ವರ್ಷ ಜೈಲು, ಜೊತೆಗೆ ಕಡಿಮೆ ಅಂದ್ರೂ 25,000 ರೂಪಾಯಿ ದಂಡ.

ವಾಸನೆ ಅಂದ್ರೆ ನನ್ನ ಕಸುಬಿನ ಅರ್ಧ. ಸುಮ್ನೆ ಹೇಳ್ತಿಲ್ಲ. ಈಗಷ್ಟೇ ಬಂದ ಬೆವರಿಗೆ ವಾಸನೆಯೇ ಇರೋದಿಲ್ಲ, ಹೆಚ್ಚುಕಮ್ಮಿ ನೀರೇ. ಚರ್ಮದ ಮೇಲಿರೋ ಕಣ್ಣಿಗೆ ಕಾಣದ ಕ್ರಿಮಿಗಳು ಅದರ ಮೇಲೆ ಬಿದ್ದಾಗ ವಾಸನೆ ಹುಟ್ಟುತ್ತೆ. ಆಗಲೇ ಮಿಂದು ಬಂದವನೂ, ಎರಡು ದಿನ ಮೀಯದವನೂ ನನ್ನ ಬಟ್ಟೆಯೊಳಗೆ ಕುತ್ತಿಗೆ ತೂರಿಸಿದಾಗ ಕಣ್ಣು ಮುಚ್ಚಿಯೂ ಹೇಳಬಲ್ಲೆ. ನನ್ನಂಥ ಮನುಷ್ಯನ ಮೂಗಿಗೇ ಇಷ್ಟು ಸಿಕ್ಕರೆ, ಹುಟ್ಟಿದಾರಭ್ಯ ಮೂಗಿನ ಮೇಲೆ ಜೀವ ಇಟ್ಟುಕೊಂಡದ್ದಕ್ಕೆ ಎಷ್ಟು ಸಿಗಬೇಕು? ಅದೂ ಅಲ್ಲದೆ ನಮ್ಮ ಮೈಯಿಂದ ಚರ್ಮದ ಹುಡಿ ಸದಾ ಉದುರುತ್ತಲೇ ಇರುತ್ತೆ. ಕುರ್ಚಿ ಒರೆಸೋನಿಗೆ ಅದು ಗೊತ್ತು. ಕೂತಲ್ಲಿ, ನಡೆದಲ್ಲಿ, ಗಿಡಕ್ಕೆ ತಾಗಿದಲ್ಲಿ ನಾವು ಬಿದ್ದಿರ್ತೀವಿ.

ಅದಕ್ಕೇ ನಮ್ಮ ರೈತರು ನನ್ನ ಅಂಗಡಿಗೆ ಬರೋದು. ಕಟಿಂಗಿಗಲ್ಲ, ಕೂದಲಿಗೆ. ಮುಡಿಯ ಉದ್ದ ಕೂದಲಿಗೆ ದೇವಸ್ಥಾನಗಳಲ್ಲಿ ಹರಾಜು ನಡೆಯುತ್ತೆ, ನಮ್ಮ ಅಂಗಡಿಯ ತುಂಡು ಕೂದಲನ್ನು ಕೇಳೋರೇ ಇರಲಿಲ್ಲ. ಈಗ ಮೆಕ್ಕೆಜೋಳ ತೆನೆ ಕಟ್ಟೋ ಹೊತ್ತಿಗೆ ಸಿಮೆಂಟ್ ಚೀಲ ಹಿಡಿದು ಸಾಲು ನಿಲ್ತಾರೆ. ಹೊಲದ ಬದುವಿನ ಸುತ್ತ ಉದುರಿಸಿದರೆ ಕಾಡುಹಂದಿ ಬರೋಕೆ ಹಿಂಜರಿಯುತ್ತೆ. ಹಂದಿ ಮೂತಿ ನೆಲಕ್ಕೆ ಹಚ್ಚಿಕೊಂಡೇ ನಡೆಯೋದು, ವಾಸನೆಯೂ ಬಡಿಯುತ್ತೆ, ತುಂಡು ಕೂದಲು ಮೂಗಿಗೂ ಹೋಗುತ್ತೆ. ನಾಲ್ಕು ದಿನ ಕೆಲಸ ಮಾಡುತ್ತೆ. ಒಂದು ಮಳೆ ಬಿದ್ದರೆ ಮುಗೀತು, ಹೊಸ ಚೀಲ ಬೇಕು. ಜಾಣ ಹಂದಿಗಳು ಮಳೆಗೂ ಕಾಯಲ್ಲ, ಅಭ್ಯಾಸ ಮಾಡಿಕೊಳ್ತಾವೆ. ಹೋದ ವರ್ಷ ಒಬ್ಬರು ಜಗಳಕ್ಕೇ ಬಂದಿದ್ದರು. 'ಅಣ್ಣಾ, ನಿನ್ನ ಗಿರಾಕಿಗಳ ಕೂದಲಲ್ಲಿ ಮನುಷ್ಯನ ವಾಸನೆಯೇ ಇಲ್ಲ, ಬರೀ ಶಾಂಪೂ. ಹಂದಿ ಆರಾಮಾಗಿ ಮೇಲೆ ಮಲಗಿ ಹೋಗಿದೆ.' ಹಳ್ಳಿ ಅಜ್ಜಂದಿರ ಕೂದಲನ್ನು ಬೇರೆ ಎತ್ತಿಡು ಅಂತ ಆರ್ಡರ್ ಕೊಟ್ಟು ಹೋದರು. ಎತ್ತಿಡ್ತಿದ್ದೇನೆ.

ಎರಡನೇ ಸಲ ಕಾಡಿಗೆ ಹೋದದ್ದು ಮರುವರ್ಷ, ಮತ್ತೆ ಮೇ ತಿಂಗಳೇ. ಈ ಸಲ ನನಗೆ ಅಂಗಡಿ ರಜ. ಹಿಂದಿನ ದಿನ ಸೀಗೆಪುಡಿ ಹಾಕಿ ಮಿಂದೆ, ಸೋಪಿಲ್ಲ. ಅಂಗಿ ಬರೀ ನೀರಲ್ಲಿ ಒಗೆದು ಹೊಲದ ಬೇಲಿ ಮೇಲೆ ಒಣಗಿಸಿ, ರಾತ್ರಿಯೆಲ್ಲ ಸೀತಾಫಲದ ಸೊಪ್ಪಿನ ಜೊತೆ ಕಟ್ಟಿಟ್ಟೆ. ಆ ಸೊಪ್ಪಿನ ಗಾಟು ನಿಮಗೆ ಗೊತ್ತಲ್ಲ. ಬೀಡಿ ಇಲ್ಲ, ಎಲೆಅಡಿಕೆ ಇಲ್ಲ. ಅಮೆರಿಕದ ಹುಡುಗ ಕೇಳಿದ್ದರೆ ಬೆನ್ನು ತಟ್ಟುತ್ತಿದ್ದ. ವಾಚರ್ ನನ್ನನ್ನು ಮೂಸಿ ನೋಡಿ, 'ಈಗ ಪರವಾಗಿಲ್ಲ, ಮೇಕೆಗೆ ಹತ್ತಿರ ಇದ್ದೀಯ' ಅಂದ.

ಆದರೆ ಕೆಲಸ ಮಾಡಿದ್ದು ಸೊಪ್ಪಲ್ಲ. ಚಿತ್ರದುರ್ಗದ ಗುಡ್ಡಗಳ ಮೇಲೆ ಕರೆಂಟಿನ ಗಾಳಿ ಫ್ಯಾನುಗಳಿವೆಯಲ್ಲ, ಅವು ಗಾಳಿ ಬರೋ ಕಡೆಗೆ ಮುಖ ತಿರುಗಿಸಿ ನಿಲ್ತಾವೆ. ಅಂಥ ಫ್ಯಾನು ಕಂಡರೆ ದೂರದಿಂದಲೇ ದೊಡ್ಡ ಗಾಳಿ ಎತ್ತ ಅಂತ ಗೊತ್ತಾಗುತ್ತೆ. ಹಳ್ಳದೊಳಗಿನ ಸಣ್ಣ ಗಾಳಿಯ ದಾರಿಯೇ ಬೇರೆ. ಅದಕ್ಕೆ ಜೇಬಲ್ಲಿ ಎಕ್ಕದ ಹತ್ತಿ ಇಟ್ಟುಕೊಂಡಿದ್ದೆ. ಐದು ಗಂಟೆಗೆ ಒಂದು ಎಳೆ ಬಿಟ್ಟೆ, ಇನ್ನೂ ಮೇಲಕ್ಕೆ ಹೋಯಿತು. ಐದೂವರೆಗೆ ಬಿಟ್ಟದ್ದು ಅಲ್ಲೇ ಗಿರಕಿ ಹೊಡೆದು, ಎತ್ತ ಹೋಗಲಿ ಅಂತ ಯೋಚನೆ ಮಾಡಿ, ನನ್ನ ಮೊಣಕಾಲ ಮೇಲೆ ಬಂದು ಕೂತಿತು. ಆಮೇಲೆ ಬಿಟ್ಟದ್ದೆಲ್ಲ ಹಳ್ಳ ಹಿಡಿದು ಕೆಳಕ್ಕೆ, ತೂಗಿಕೊಂಡು, ಮೆಲ್ಲಗೆ. ನಾವು ಈ ಸಲ ನೀರಿಗಿಂತ ಕೆಳಗೆ, ಹಳ್ಳದ ತಿರುವಿನಲ್ಲಿ ಮಣ್ಣಿನ ದಡಕ್ಕೆ ಒರಗಿ ಕೂತಿದ್ದೆವು. ನೋಟ ಚೆನ್ನಾಗಿರಲಿಲ್ಲ. ಗುಂಡಿಯ ಒಂದು ಮೂಲೆ ಮಾತ್ರ ಕಾಣುತ್ತಿತ್ತು, ಅದೂ ಒಂದು ಕಗ್ಗಲಿ ಗಿಡದ ಸಂದಿಯಲ್ಲಿ.

ಬಂದದ್ದು ಹೆಣ್ಣು, ಕೊಂಬಿಲ್ಲದ್ದು. ಜೊತೆಗೆ ಒಂದು ಮರಿ. ಆ ಮೂಲೆಗೇ ಬಂತು. ಎಷ್ಟು ಹೊತ್ತು ಕುಡಿಯಿತು ಅಂದ್ರೆ ನನ್ನ ಎಡಗಾಲು ಜುಮ್ಮೆಂದು, ಆಮೇಲೆ ಇದೆಯೋ ಇಲ್ಲವೋ ಗೊತ್ತಾಗದ ಹಾಗಾಯಿತು. ಮರಿ ಒಂದು ಸಲ ನಮ್ಮ ಕಡೆ ನೇರವಾಗಿ ನೋಡಿತು. ಕಣ್ಣಿಗೆ ಕಣ್ಣು. ನೋಡಿ ಮತ್ತೆ ತಾಯಿಯ ಹೊಟ್ಟೆಗೆ ತಲೆ ಹಾಕಿತು. ನಾವು ಅದಕ್ಕೆ ಕಾಣಲಿಲ್ಲವೋ, ಕಂಡರೂ ಮೂಗು ಹೇಳದೆ ಇದ್ದದ್ದನ್ನು ಅದು ನಂಬಲಿಲ್ಲವೋ.

ಅರಣ್ಯ ಇಲಾಖೆಯವರಿಗೆ ನನ್ನದೊಂದು ಕೋರಿಕೆ. 'ಗದ್ದಲ ಮಾಡಬೇಡಿ, ಪ್ಲಾಸ್ಟಿಕ್ ಎಸೆಯಬೇಡಿ' ಅನ್ನೋ ಬೋರ್ಡಿನ ಕೆಳಗೆ 'ಸೆಂಟು, ಪೌಡರ್ ಹಾಕಿಕೊಂಡು ಬರಬೇಡಿ' ಅಂತ ಒಂದು ಸಾಲು ಸೇರಿಸಿ. ಪಕ್ಕದಲ್ಲಿ ಒಂದು ಗಳ ನೆಟ್ಟು ತೆಳು ಬಟ್ಟೆ ಪಟ್ಟಿ ಕಟ್ಟಿದರೆ ಗಾಳಿ ಎತ್ತ ಅಂತ ಬಂದವರಿಗೆ ಕಾಣುತ್ತೆ. ಖರ್ಚು ಏನಿಲ್ಲ. ಬಿರುಬೇಸಿಗೆಯಲ್ಲಿ ನೀರಿನ ಗುಂಡಿ ಹತ್ತಿರ ಸಂಜೆ ಹೊತ್ತು ಯಾರನ್ನೂ, ನನ್ನನ್ನೂ ಸೇರಿಸಿ, ಮೇಲುಗಡೆ ಕೂರೋಕೆ ಬಿಡಬೇಡಿ. ಒಂದು ಸಲ ಮೂಗಿಗೆ ಸಿಕ್ಕಿದರೆ ಅದು ಅವತ್ತು ನೀರು ಕುಡಿಯದೆ ಹೋಗುತ್ತೆ, ನಾನು ನೋಡಿದ್ದೇನೆ.

ಪತ್ರ ಬರೆದ ದಾವಣಗೆರೆಯವರು ಮೂರನೇ ಸಲ ಬರೋ ಮನಸ್ಸು ಮಾಡಿದರೆ, ಬಸ್ ಸ್ಟ್ಯಾಂಡ್ ಹತ್ತಿರ ನನ್ನ ಅಂಗಡಿ ಕೇಳಿದರೆ ಯಾರಾದರೂ ತೋರಿಸ್ತಾರೆ. ಹಿಂದಿನ ದಿನವೇ ಬನ್ನಿ. ಶೇವಿಂಗ್ ನನ್ನ ಲೆಕ್ಕ. ಕ್ರೀಮಿಲ್ಲ, ಲೋಷನ್ ಇಲ್ಲ, ಬರೀ ನೀರು, ಕೊನೆಗೆ ಪಟಿಕ. ಸ್ವಲ್ಪ ಉರಿಯುತ್ತೆ.

ಇತಿ,
ಕಟಿಂಗ್ ಶಾಪಿನವನು,
ಜಗಳೂರು